ಒತ್ತಲೇನು ತಮ್ಮಾ?

ಅಂಡರ್‌ಟೇಲ್ ಎಂಬ ಗೇಮನ್ನು ನಿಮ್ಮಲ್ಲಿ ಕೆಲವರಾದರೂ ಆಡಿರಬಹುದು. 2015ರಲ್ಲಿ ಬಂದದ್ದು. ಟೋಬಿ ಫಾಕ್ಸ್ ಎಂಬಾತ ಜನರಿಂದಲೇ ಚಂದಾ ಎತ್ತಿ, ಹೆಚ್ಚುಕಡಿಮೆ ಒಬ್ಬನೇ ಕೂತು ಮಾಡಿದ ಆಟ. ಒಂದು ಮಗು ರಾಕ್ಷಸರ ಲೋಕಕ್ಕೆ ಬೀಳುತ್ತದೆ. ಎದುರಿಗೆ ಬಂದವರನ್ನು ಹೊಡೆಯಬಹುದು, ಇಲ್ಲವೇ ಮಾತಾಡಿಸಿ ಬಿಟ್ಟುಬಿಡಬಹುದು. ಒಬ್ಬರನ್ನೂ ಕೊಲ್ಲದೆ ಆಟ ಮುಗಿಸಲು ಬರುತ್ತದೆ.

ಇದರ ಮಜಾ ಇರುವುದು ಸೇವ್ ಮಾಡುವುದರಲ್ಲಿ. ಬೇರೆ ರೋಲ್ ಪ್ಲೇಯಿಂಗ್ ಗೇಮ್‌ಗಳಲ್ಲಿ ದೊಡ್ಡ ನಿರ್ಧಾರಕ್ಕೆ ಮುಂಚೆ ಸೇವ್ ಮಾಡಿ, ಕೆಟ್ಟದ್ದನ್ನು ಮಾಡಿ ನೋಡಿ, ವಾಪಸ್ ಬಂದು ಒಳ್ಳೆಯವರಾಗುತ್ತೇವೆ. ಮಾಸ್ ಎಫೆಕ್ಟ್‌ನಲ್ಲಂತೂ ಒಳ್ಳೆಯ ಉತ್ತರ ಮೇಲೆ, ಒರಟು ಉತ್ತರ ಕೆಳಗೆ; ಓದದೆಯೇ ಒತ್ತಬಹುದು. ಅಂಡರ್‌ಟೇಲ್‌ನಲ್ಲಿ ಟೋರಿಯಲ್ ಅಂತ ತಾಯಿಯಂಥವಳೊಬ್ಬಳು ಸಿಗುತ್ತಾಳೆ. ಅವಳನ್ನು ಕೊಂದು, ಮನಸ್ಸು ತಡೆಯದೆ ಹಳೆಯ ಸೇವ್‌ಗೆ ಹೋಗಿ ಉಳಿಸಿಕೊಂಡಿರೋ, ಆಮೇಲೆ ಎದುರಾಗುವ ಒಂದು ಹೂವು ನೀವು ಮೊದಲು ಮಾಡಿದ್ದನ್ನು ಎತ್ತಿ ಆಡುತ್ತದೆ. ಆಟಕ್ಕೆ ನೆನಪಿದೆ. ಮೊದಲ ಸಲ ಇದನ್ನು ನೋಡಿದಾಗ ನಾನು ಹೆಡ್‌ಫೋನ್ ತೆಗೆದು ಸುಮ್ಮನೆ ಕೂತಿದ್ದೆ.

ಈಗ ಈ ಆಟದ ಹುಚ್ಚು ನನ್ನ ಕಾಕಾನ ಮಗನಿಗೆ ಹತ್ತಿದೆ. ವಿಜಯಪುರದಲ್ಲಿ ಬಿಸಿಎ ಓದುತ್ತಾನೆ, ಶನಿವಾರ ಬಸ್ಸಿಗೆ ತಿಕೋಟಾಕ್ಕೆ ಬರುತ್ತಾನೆ. ನಾನು ಬೆಂಗಳೂರಿಂದ ಹೋದಾಗ ಫೋನ್ ಹಿಡಿದುಕೊಂಡೇ ಬಂದ. "ಅಣ್ಣಾ, ಒಂದ್ ಕಪ್ಪೀನೂ ಕೊಂದಿಲ್ಲ ನೋಡು!"

ಫೋನಿನಲ್ಲಿ! ನನ್ನ ಕಿವಿ ನೆಟ್ಟಗಾದದ್ದು ಅಲ್ಲೇ. ಅಂಡರ್‌ಟೇಲ್ ಕಂಪ್ಯೂಟರಿಗೆ, ಪ್ಲೇಸ್ಟೇಷನ್‌ಗೆ, ಸ್ವಿಚ್‌ಗೆ, ಎಕ್ಸ್‌ಬಾಕ್ಸ್‌ಗೆ ಬಂದಿದೆ. ಫೋನಿಗೆ ಅಧಿಕೃತವಾಗಿ ಬಂದೇ ಇಲ್ಲ. ಇವನ ಕೈಯಲ್ಲಿದ್ದದ್ದು ಯಾರೋ ಕಂಪ್ಯೂಟರ್ ಗೇಮನ್ನು ಬಿಚ್ಚಿ, ಎಪಿಕೆ ಮಾಡಿ, ಟೆಲಿಗ್ರಾಂಗೆ ಹಾಕಿದ್ದು. ಕಪ್ಪೆಯ ಜೀವ ಉಳಿಸುವ ಹುಡುಗ ಆಟ ಮಾಡಿದವನಿಗೆ ಒಂದು ರೂಪಾಯಿ ಕೊಟ್ಟಿಲ್ಲ. ಕೇಳಿದರೆ, "ಫೋನಿಗಿ ಮಾರೂದೇ ಇಲ್ಲಲ್ಲಣ್ಣಾ, ಯಾರಿಗಿ ಕೊಡ್ಲಿ?" ಸುಳ್ಳಲ್ಲ. ಅವನ ಹತ್ತಿರ ಸ್ವಂತ ಕಂಪ್ಯೂಟರ್ ಇಲ್ಲ. ಈ ವಾದವನ್ನು ನಾನು ಅರ್ಧ ಒಪ್ಪುತ್ತೇನೆ.

ಒಪ್ಪದ ಅರ್ಧ ಬೇರೆ. ಆ ಫೋನಿನಲ್ಲಿ ಎರಡು ಸಿಮ್ ಇವೆ. ಒಂದು ಅವನದು, ಇನ್ನೊಂದು ಬ್ಯಾಂಕಿಗೆ ಜೋಡಿಸಿದ ಕಾಕಾನ ಹಳೇ ನಂಬರ್. ಒಣದ್ರಾಕ್ಷಿ ತಾಸಗಾಂವಕ್ಕೆ ಹೋಗಿ ಹರಾಜಾದ ಮೇಲೆ ದುಡ್ಡು ಜಮಾ ಆದ ಮೆಸೇಜು ಬರುವುದು ಅದಕ್ಕೇ, ಓಟಿಪಿ ಬರುವುದೂ ಅದಕ್ಕೇ. ಇಡೀ ವರ್ಷದ ತೋಟ ಆ ಫೋನಿನಲ್ಲಿದೆ ಅನ್ನಿ.

ಇಬ್ಬರೂ ಕೂತು ಸೆಟ್ಟಿಂಗ್ಸ್ ತೆಗೆದು ನೋಡಿದೆವು. ಅಂಡರ್‌ಟೇಲ್ ಕೇಳಿದ್ದು ಸ್ಟೋರೇಜ್ ಅಷ್ಟೇ. ಅದರ ಪಕ್ಕದಲ್ಲಿ ಒಂದು ಕಾರ್ ರೇಸ್ ಗೇಮಿನ 'ಮಾಡ್' ಇತ್ತು, ಅದೂ ಟೆಲಿಗ್ರಾಂದೇ. ಅದು ಎಸ್ಸೆಮ್ಮೆಸ್ ಓದಲು ಅನುಮತಿ ಕೇಳಿ ಪಡೆದಿತ್ತು. ಕಾರು ಓಡಿಸುವುದಕ್ಕೆ ಕಾಕಾನ ಮೆಸೇಜು ಯಾಕೆ ಬೇಕು?

ಇಂಥ ಮಾಡ್ ಹಾಕುವ ಮುಂಚೆ "ಅಸಲಿ ಗೇಮ್ ಅನ್‌ಇನ್‌ಸ್ಟಾಲ್ ಮಾಡಿ" ಅಂತ ಬರೆದಿರುತ್ತಾರೆ, ಗಮನಿಸಿದ್ದೀರಾ? ಆಂಡ್ರಾಯ್ಡ್‌ನಲ್ಲಿ ಪ್ರತಿ ಆ್ಯಪ್‌ಗೂ ಮಾಡಿದವರ ಡಿಜಿಟಲ್ ಸಹಿ ಇರುತ್ತದೆ. ಅಪ್‌ಡೇಟ್ ಬಂದಾಗ ಹಳೆಯ ಸಹಿಗೆ ಹೊಸದು ತಾಳೆಯಾಗುತ್ತದೋ ಇಲ್ಲವೋ ಅಂತ ಫೋನ್ ನೋಡುತ್ತದೆ. ಬೇರೆಯವರು ಕೈಯಾಡಿಸಿದ ಗೇಮಿನ ಸಹಿ ತಾಳೆಯಾಗುವುದಿಲ್ಲ, ಅದಕ್ಕೇ ಅಸಲಿಯನ್ನು ಮೊದಲು ತೆಗೆಸುತ್ತಾರೆ. ಯಾರೋ ಒಳಗೆ ಏನನ್ನೋ ಬದಲಿಸಿದ್ದಾರೆ ಅನ್ನುವುದಷ್ಟೇ ನಮಗೆ ತಿಳಿಯುತ್ತದೆ. ಏನನ್ನು ಬದಲಿಸಿದ್ದಾರೆ ಅನ್ನುವುದು ತಿಳಿಯುವುದಿಲ್ಲ.

ಗೇಮಿನಲ್ಲಿ ನಿರ್ಧಾರದ ಹೊತ್ತು ಬಂದರೆ ಸಂಗೀತ ಬದಲಾಗುತ್ತದೆ, ಪರದೆ ನಿಲ್ಲುತ್ತದೆ. ಫೋನಿನಲ್ಲಿ 'ಅನುಮತಿಸು' ಅಂತ ಒಂದು ಗುಂಡಿ, ನಾವು ಆಗಲೇ ಒತ್ತಿಯಾಗಿರುತ್ತದೆ. ಇನ್ನೂ ದೊಡ್ಡ ಫರಕು ಅಂದರೆ, ಗೇಮಿನಲ್ಲಿ ಯಾರಿಗೆ ಪೆಟ್ಟಾಯಿತು ಅನ್ನುವುದು ಎದುರಿಗೇ ಕಾಣುತ್ತದೆ. ಇಲ್ಲಿ ಕಾಣುವುದಿಲ್ಲ.

ಬಬಲೇಶ್ವರದ ನಮ್ಮ ಬೀಗರಿಗೆ ಆದದ್ದು ಇದೇ. ಅವರ ಗೆಳೆಯರೊಬ್ಬರ ನಂಬರಿಂದ ವಾಟ್ಸಾಪ್‌ಗೆ ಮದುವೆ ಕರೆಯೋಲೆ ಬಂತು. ಹೆಸರಿನ ಕೊನೆಗೆ ಎಪಿಕೆ ಅಂತಿತ್ತು. ಕರೆಯೋಲೆ ತೆಗೆಯದೆ ಇರುವುದು ನಮ್ಮ ಕಡೆ ಸಾಧ್ಯವೇ? ತೆಗೆದರು, ಕೇಳಿದ್ದಕ್ಕೆಲ್ಲ ಒಪ್ಪಿದರು. ರಾತ್ರಿಯೊಳಗೆ ಖಾತೆಯಿಂದ ಮೂರು ಸಲ ದುಡ್ಡು ಹೋಗಿತ್ತು, ಮತ್ತು ಅದೇ ಕರೆಯೋಲೆ ಅವರ ನಂಬರಿಂದ ನಮ್ಮ ಮಂದಿಗೆಲ್ಲ ಬಂದಿತ್ತು. ಮಗ ಕೂಡಲೇ 1930ಕ್ಕೆ ಫೋನ್ ಮಾಡಿದ್ದರಿಂದ ಸ್ವಲ್ಪ ದುಡ್ಡು ನಡುದಾರಿಯಲ್ಲೇ ನಿಂತಿತು. ದುಡ್ಡಿಗಿಂತ ಅವರು ಕೊರಗಿದ್ದು ಬೇರೆಯದಕ್ಕೆ. "ನನ್ನ ಹೆಸರ್ ನೋಡಿ ಮಂದಿ ಒತ್ಯಾರಲ್ರಿ," ಅಂತ ವಾರಗಟ್ಟಲೆ ಹೇಳುತ್ತಿದ್ದರು.

ಪ್ಲೇ ಸ್ಟೋರ್ ಬಿಟ್ಟು ಬೇರೆ ಕಡೆಯಿಂದ ಬಂದದ್ದೆಲ್ಲ ಕಳ್ಳಮಾಲು ಅಂತ ನಾನು ಹೇಳುವುದಿಲ್ಲ. ನನ್ನ ಫೋನಿನಲ್ಲೇ 2010ರಿಂದ ನಡೆಯುತ್ತಿರುವ ಎಫ್-ಡ್ರಾಯ್ಡ್‌ನ ಆ್ಯಪ್‌ಗಳಿವೆ. ಅವುಗಳ ಕೋಡ್ ಯಾರು ಬೇಕಾದರೂ ಓದಬಹುದು. 2025ರ ಆಗಸ್ಟ್‌ನಲ್ಲಿ ಗೂಗಲ್, ಪ್ಲೇ ಸ್ಟೋರ್‌ನ ಹೊರಗೆ ಆ್ಯಪ್ ಹಂಚುವವರೂ ತಮ್ಮ ಗುರುತು ನೋಂದಾಯಿಸಬೇಕು ಎಂದು ಘೋಷಿಸಿತು. ಎಫ್-ಡ್ರಾಯ್ಡ್ ಅದನ್ನು ವಿರೋಧಿಸಿತು. ಎಂಜಿನಿಯರ್ ಆಗಿ ನಾನೂ ಎಫ್-ಡ್ರಾಯ್ಡ್ ಕಡೆಗೇ. ನನ್ನ ಫೋನಿಗೆ ಏನು ಹಾಕಬೇಕು ಅಂತ ಒಂದು ಕಂಪನಿಯ ಅಪ್ಪಣೆ ಕೇಳುವುದು ನನಗೆ ಸರಿ ಅನಿಸುವುದಿಲ್ಲ. ಆದರೆ ಬೀಗರ ಮುಖ ನೆನಪಾದರೆ ಈ ಮಾತು ಅಷ್ಟು ಜೋರಾಗಿ ಬಾಯಿಂದ ಬರುವುದಿಲ್ಲ, ಅದೂ ನಿಜ.

ತಮ್ಮನಿಗೆ ಉಪದೇಶ ಮಾಡಲಿಲ್ಲ, ಮಾಡಿದರೆ ಕೇಳುವ ವಯಸ್ಸೂ ಅಲ್ಲ. ನನ್ನ ಹಳೇ ಫೋನ್ ಕೊಟ್ಟೆ. ಅದರಲ್ಲಿ ಸಿಮ್ ಇಲ್ಲ, ಕಾಂಟ್ಯಾಕ್ಟ್ ಇಲ್ಲ, ನನ್ನ ಅಕೌಂಟೂ ಇಲ್ಲ. ಆಟ ಎಲ್ಲ ಅದಕ್ಕೆ ಹೋಯಿತು. ಕಾರ್ ರೇಸ್ ಇದ್ದ ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿ, ಬ್ಯಾಂಕಿನ ಪಿನ್ ಬದಲಿಸಿ, ಸಿಮ್ಮನ್ನು ಕಾಕಾನ ಸಾದಾ ಕೀಪ್ಯಾಡ್ ಫೋನಿಗೆ ಹಾಕಿದೆವು. ಕಂಪ್ಯೂಟರ್ ಬಂದ ದಿನ ಅಂಡರ್‌ಟೇಲ್ ದುಡ್ಡು ಕೊಟ್ಟೇ ತಗೋತೀನಿ ಅಂದಿದ್ದಾನೆ. ನೋಡೋಣ.

ಕಾಕಿಯ ಫೋನಿನಲ್ಲಿ ವಾಟ್ಸಾಪ್ ಇದೆ, ಕಾಕಾ ನೋಡುವುದು ಅದನ್ನೇ. ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ ನಿಂತುಹೋಗುತ್ತದೆ, ಈ ಆ್ಯಪ್ ಹಾಕಿಕೊಳ್ಳಿ ಅಂತ ಒಂದು ಎಪಿಕೆ ಊರಿನ ಗ್ರೂಪಿಗೆ ಬಂದಾಗ ಅವರು ಮುಟ್ಟದೆ ನನಗೆ ಫೋನ್ ಮಾಡಿದರು. "ಒತ್ತಲೇನು ತಮ್ಮಾ?" ಬ್ಯಾಡ್ರಿ ಕಾಕಾ ಅಂದೆ. ಈಗ ಎಂಥದೇ ಬರಲಿ, ಕಾಕಿಯ ಕೈಲಿ ಸ್ಕ್ರೀನ್‌ಶಾಟ್ ತೆಗೆಸಿ ನನಗೆ ಕಳಿಸುತ್ತಾರೆ. ಕಳೆದ ವಾರ ಮೂರು ಬಂದವು. ಎರಡು ಎಪಿಕೆ. ಮೂರನೆಯದು ಪಿಡಿಎಫ್, ಬಬಲೇಶ್ವರದ ಬೀಗರ ಮನೆಯ ಅಸಲಿ ಲಗ್ನಪತ್ರಿಕೆ. ತೆಗೀರಿ ಕಾಕಾ, ಏನೂ ಆಗೂದಿಲ್ಲ ಅಂದೆ. ಅಷ್ಟರಲ್ಲಿ ಅವರು ಬೀಗರಿಗೇ ಫೋನ್ ಹಚ್ಚಿ "ಖರೇನs ನೀವ್ ಕಳಿಸೀರೇನ್ರಿ?" ಅಂತ ಕೇಳಿಯಾಗಿತ್ತು.