ಬಿಳಿ ಪುಡಿಯ ಹದ

ಟೈಟಾನಿಯಂ ಡೈಆಕ್ಸೈಡಿನ ಜೆಲ್ ಒಣಗಿದಾಗ ಗಾಜಿನ ಚೂರುಗಳಂತೆ ಬಿರಿದಿರುತ್ತದೆ. ಅರೆದು, ಕ್ರೂಸಿಬಲ್‌ಗೆ ತುಂಬಿ ಫರ್ನೇಸಿನಲ್ಲಿಟ್ಟರೆ ಮೊದಲು ಕಂದುಗಟ್ಟುತ್ತದೆ. ಒಳಗುಳಿದ ಸಾವಯವ ಪದಾರ್ಥ ಸೀಯುವ ಹೊತ್ತು ಅದು. ಕಾವೇರಿದಂತೆ ಆ ಕರಕಲೂ ಉರಿದುಹೋಗಿ, 450 ಡಿಗ್ರಿ ಸೆಲ್ಸಿಯಸ್‌ನ ಸುಮಾರಿಗೆ ಮಲ್ಲಿಗೆ ಬಿಳುಪಿನ ಪುಡಿ ಸಿದ್ಧವಾಗುತ್ತದೆ. ಈ ಬಿಳುಪನ್ನು ಎಷ್ಟು ನೋಡಿದರೂ ತಣಿವಿಲ್ಲ. ಆದರೆ ಅದನ್ನೇ ನಂಬಿ ಕೂರುವಂತೆಯೂ ಇಲ್ಲ. 800 ಡಿಗ್ರಿಯಲ್ಲಿ ಸುಟ್ಟದ್ದೂ ಕಣ್ಣಿಗೆ ಹೆಚ್ಚುಕಡಿಮೆ ಇಷ್ಟೇ ಬಿಳಿ. ಬಣ್ಣದ ನೀರಿಗೆ ಬೆರೆಸಿ ಬಿಸಿಲಿಗಿಟ್ಟಾಗ ಮಾತ್ರ ಒಂದು ನೀರನ್ನು ಬೇಗ ತಿಳಿಯಾಗಿಸುತ್ತದೆ, ಇನ್ನೊಂದು ತಿಣುಕುತ್ತದೆ. ಬೆಲ್ಲದ ಪಾಕದಂತೆ ಈ ಕಸುಬೂ ನಿಂತಿರುವುದು ಹದದ ಮೇಲೆ.

ಕಣ ಸಣ್ಣದಾದಷ್ಟೂ ಮೇಲ್ಮೈ ಹೆಚ್ಚು, ಹಾಗಿದ್ದಮೇಲೆ ಸುಡುವುದಾದರೂ ಏಕೆ ಎಂದು ಕೇಳಬಹುದು. ಬೆಳಕು ತಾಗಿದಾಗ ಎಲೆಕ್ಟ್ರಾನ್ ಮೇಲಕ್ಕೆ ಜಿಗಿದು ಹಿಂದೊಂದು ರಂಧ್ರ ಬಿಡುತ್ತದೆ. ಇವೆರಡೂ ಮೇಲ್ಮೈ ಮುಟ್ಟಿದರಷ್ಟೇ ಕೊಳೆ ಒಡೆಯುವುದು. ಸುಡದ ಪುಡಿಯಲ್ಲಿ ಪರಮಾಣುಗಳ ಸಾಲು ಕೆಟ್ಟಿರುತ್ತದೆ, ದಾರಿಯುದ್ದಕ್ಕೂ ದೋಷಗಳ ಗುಂಡಿ. ಅಲ್ಲೇ ಎರಡೂ ಕೂಡಿ ಬೆಳಕಿನ ಶಕ್ತಿಯೆಲ್ಲ ವ್ಯರ್ಥವಾಗುತ್ತದೆ. ಶಾಖ ಆ ಗುಂಡಿಗಳನ್ನು ತುಂಬಿ ಅನಾಟೇಸ್ ಎಂಬ ಹರಳನ್ನು ಕಟ್ಟುತ್ತದೆ. ಕಷ್ಟವೆಂದರೆ, ಗುಂಡಿ ಮುಚ್ಚುವ ಶಾಖವೇ ನೆರೆಯ ಕಣಗಳನ್ನೂ ಬೆಸೆದು ಮೇಲ್ಮೈಯನ್ನು ನುಂಗುತ್ತದೆ. ಸಾಮಾನ್ಯವಾಗಿ 600ರಿಂದ 700 ಡಿಗ್ರಿಯ ನಡುವೆ ಅನಾಟೇಸ್, ರೂಟೈಲ್ ಎಂಬ ಇನ್ನೊಂದು ಹರಳಾಗತೊಡಗುತ್ತದೆ. ಎಕ್ಸ್-ರೇ ನಕ್ಷೆಯಲ್ಲಿ 25.3 ಡಿಗ್ರಿಯ ಶಿಖರ ಕುಗ್ಗಿ 27.4ರದ್ದು ತಲೆಯೆತ್ತುತ್ತದೆ. ತಣಿಸಿದರೂ ಅನಾಟೇಸ್ ಹಿಂದಕ್ಕೆ ಬಾರದು.

ರೂಟೈಲಾದರೆ ನಷ್ಟವೇನು, ಎಲೆಕ್ಟ್ರಾನ್ ಜಿಗಿಯಬೇಕಾದ ಅದರ ಶಕ್ತಿ ಅಂತರ 3.0 ಎಲೆಕ್ಟ್ರಾನ್ ವೋಲ್ಟ್, ಅನಾಟೇಸಿನ 3.2ಕ್ಕಿಂತ ಕಡಿಮೆ, ತುಸು ಹೆಚ್ಚೇ ಬೆಳಕು ಹೀರುತ್ತದಲ್ಲ ಎನ್ನುವವರಿದ್ದಾರೆ. 1972ರಲ್ಲಿ ವಿಜ್ಞಾನಿಗಳಾದ ಫುಜಿಶಿಮಾ ಮತ್ತು ಹೋಂಡಾ ಬೆಳಕು ಹಾಯಿಸಿ ನೀರನ್ನು ಒಡೆದದ್ದೂ ರೂಟೈಲಿನಿಂದಲೇ. ನಿಜ, ಆದರೆ ಅವರ ಒಂಟಿ ಹರಳಿನಿಂದ ಎಲೆಕ್ಟ್ರಾನನ್ನು ಹೊರಗೊಯ್ಯಲು ತಂತಿಯಿತ್ತು. ಪುಡಿಗೆ ಆ ತಂತಿಯಿಲ್ಲ. ಹೆಚ್ಚು ತೂಕದ ಆಕ್ಷೇಪ ಪಿ25 ಎಂಬ ಹೆಸರಾಂತ ಪುಡಿಯದು: ಅದರಲ್ಲಿ ಸುಮಾರು ಐದನೇ ಒಂದು ಪಾಲು ರೂಟೈಲ್, ಆದರೂ ಬಲು ಚುರುಕು. ಅದು ಜ್ವಾಲೆಯಲ್ಲಿ ಹುಟ್ಟಿದ್ದು, ಕಣಗಳು ಇಪ್ಪತ್ತು ನ್ಯಾನೊಮೀಟರಿನ ಆಸುಪಾಸಿನಲ್ಲೇ ಉಳಿದಿವೆ. ಫರ್ನೇಸಿನಲ್ಲಿ ಗಂಟೆಗಟ್ಟಲೆ ಬೆಂದು ರೂಟೈಲಾಗುವ ಹೊತ್ತಿಗೆ ಕಣ ದಪ್ಪಗಾಗಿರುತ್ತದೆ. ದೂರಬೇಕಾದದ್ದು ಈ ದಪ್ಪವನ್ನು, ರೂಟೈಲನ್ನಲ್ಲ.

ಹಾಗಾಗಿ ಡಿಗ್ರಿಯಷ್ಟೇ ಹೊತ್ತನ್ನೂ ಲೆಕ್ಕ ಹಿಡಿಯಬೇಕೆಂಬುದು ನನ್ನ ವಾದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಸಿ. ಪಾಟೀಲರು ಬೆಳೆಸಿದ ದಹನ ವಿಧಾನ ಇದಕ್ಕೆ ಸಾಕ್ಷಿ. ಅದೇ ಸಂಸ್ಥೆಯಲ್ಲಿ ಟೈಟಾನಿಲ್ ನೈಟ್ರೇಟಿಗೆ ಗ್ಲೈಸಿನ್ ಬೆರೆಸಿ 350 ಡಿಗ್ರಿಯ ಫರ್ನೇಸಿಗಿಟ್ಟು ನ್ಯಾನೊ ಅನಾಟೇಸ್ ಪಡೆದಿದ್ದಾರೆ. ದ್ರಾವಣ ಕುದಿದು, ನೊರೆಯಾಗಿ, ತಾನೇ ಹೊತ್ತಿಕೊಳ್ಳುತ್ತದೆ. ಹರಳು ಕಟ್ಟುವಷ್ಟು ಕಾವು ಒಳಗಿನಿಂದಲೇ ಏಳುತ್ತದೆ, ಮರುಗಳಿಗೆಯಲ್ಲೇ ಇಳಿಯುತ್ತದೆ. ಕಣಗಳಿಗೆ ಒಂದನ್ನೊಂದು ಅಂಟಿಕೊಳ್ಳಲು ಪುರುಸೊತ್ತೇ ಸಿಗುವುದಿಲ್ಲ.