ಅಲುಗುವುದು ಯಾವುದು?

ಹತ್ತನೆಯ ತರಗತಿಯಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯ ಪಾಠ ಮಾಡುವಾಗ ಪ್ರತಿವರ್ಷವೂ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಸರ್, ಸುರುಳಿಯೊಳಗೆ ಆಯಸ್ಕಾಂತವನ್ನು ಅಲುಗಿಸಿದರೂ ಗ್ಯಾಲ್ವನೋಮೀಟರಿನ ಸೂಚಿ ಓಡುತ್ತದೆ, ಆಯಸ್ಕಾಂತವನ್ನು ಇಟ್ಟಲ್ಲೇ ಇಟ್ಟು ಸುರುಳಿಯನ್ನು ಅಲುಗಿಸಿದರೂ ಓಡುತ್ತದೆ. ಹಾಗಾದರೆ ವ್ಯತ್ಯಾಸವೇನು?"

ಪರೀಕ್ಷೆಗೆ ಬರೆಯಬೇಕಾದ ಉತ್ತರ ಸುಲಭ. ವ್ಯತ್ಯಾಸವಿಲ್ಲ; ಒಂದಕ್ಕೊಂದು ಸಾಪೇಕ್ಷವಾಗಿ ಚಲಿಸಿದರೆ ಸಾಕು. 1831ರಲ್ಲಿ ಫ್ಯಾರಡೆ ಕಂಡುಕೊಂಡದ್ದು ಇದನ್ನೇ. 1905ರಲ್ಲಿ ಐನ್‌ಸ್ಟೈನ್ ಸಾಪೇಕ್ಷತೆಯ ಬಗ್ಗೆ ಬರೆದ ಪ್ರಸಿದ್ಧ ಪ್ರಬಂಧವೂ ಈ ಆಯಸ್ಕಾಂತ ಮತ್ತು ವಾಹಕದ ಮಾತಿನಿಂದಲೇ ಶುರುವಾಗುತ್ತದೆ. ಇಷ್ಟು ಹೇಳಿ ನಾನು ಹಲವು ವರ್ಷ ಪಾಠ ಮುಂದುವರಿಸಿದ್ದೇನೆ. ಆದರೆ ನಮ್ಮ ಅತ್ತೆಯ ಮನೆಯ ಚಾವಡಿಯಲ್ಲಿ ಇದೇ ಪ್ರಶ್ನೆ ಎದ್ದಾಗ ಅಷ್ಟು ಉತ್ತರ ಸಾಲಲಿಲ್ಲ.

ಅತ್ತೆಯ ಮನೆ ಬದಿಯಡ್ಕದ ಆಚೆ, ಅಡಿಕೆ ತೋಟದ ನಡುವೆ. ಮಾವ ತೀರಿಕೊಂಡು ಹದಿನಾಲ್ಕು ವರ್ಷವಾಯಿತು. ಅವರು ಬಿಟ್ಟುಹೋದ ಅರುವತ್ತರಷ್ಟು ಗ್ರಾಮಫೋನ್ ಪ್ಲೇಟುಗಳು ಮರದ ಕಪಾಟಿನಲ್ಲಿವೆ. ಹನ್ನೆರಡು ಮಾತ್ರ ಹಳೆಯ 78 ಸುತ್ತಿನ ಅರಗಿನ ಪ್ಲೇಟುಗಳು, ಉಳಿದವು ಎಲ್.ಪಿ.ಗಳು. ಅವುಗಳಲ್ಲಿ 1963ರಲ್ಲಿ ಹೊರಬಂದ ಎಂ.ಎಸ್. ಸುಬ್ಬುಲಕ್ಷ್ಮಿಯವರ ವೆಂಕಟೇಶ ಸುಪ್ರಭಾತವೂ ಒಂದು. ಅತ್ತೆಗೆ ಬೆಳಿಗ್ಗೆ ಅದು ಆಗಲೇಬೇಕು. ಮೊಬೈಲಿನಲ್ಲಿ ಸಿಗುತ್ತದಲ್ಲ ಎಂದರೆ, "ಅದು ಬೇರೆ ಮಗಾ, ಇದು ಅವರು ಮಂಗಳೂರಿನಿಂದ ತಂದದ್ದು" ಎನ್ನುತ್ತಾರೆ. ಎಂಬತ್ತೆರಡು ವರ್ಷ, ಕಣ್ಣು ಮಂಜಾಗಿದೆ, ಕಿವಿ ಮಾತ್ರ ನನ್ನದಕ್ಕಿಂತ ಚುರುಕು.

ಮಾವನ ಕಾಲದ ಪ್ಲೇಯರಿನಲ್ಲಿದ್ದದ್ದು ಹರಳಿನ ಕಾರ್ಟ್ರಿಜ್. ಕಾರ್ಟ್ರಿಜ್ ಎಂದರೆ ಪ್ಲೇಯರಿನ ತೋಳಿನ ತುದಿಯಲ್ಲಿರುವ, ಮುಳ್ಳನ್ನು ಹಿಡಿದ ಪುಟ್ಟ ಪೆಟ್ಟಿಗೆ. ಪ್ಲೇಟಿನ ಚಡಿಯಲ್ಲಿ ಮುಳ್ಳು ಅದುರಿದಾಗ ಆ ಅದುರನ್ನು ವಿದ್ಯುತ್ತಾಗಿ ಮಾಡುವುದು ಅದರ ಕೆಲಸ. ಇದರೊಳಗೆ ರೋಶೆಲ್ ಲವಣದ ಹರಳು ಇತ್ತು. ಬಾಗಿಸಿದರೆ ವಿದ್ಯುತ್ತು ಹುಟ್ಟಿಸುವ ವಿಚಿತ್ರ ವಸ್ತು ಅದು. ಆದರೆ ಎಷ್ಟೆಂದರೂ ನೀರಿನಲ್ಲಿ ಕರಗುವ ಉಪ್ಪು. ನಮ್ಮ ಆಟಿಯ ಮಳೆಗೆ ಅಡಿಗೆಮನೆಯ ಉಪ್ಪಿನ ಭರಣಿಯೇ ನೀರೊಡೆಯುವಾಗ ಅದು ಇಷ್ಟು ಕಾಲ ಬಾಳಿದ್ದೇ ಹೆಚ್ಚು. ಮೊದಲು ಸ್ವರ ಕ್ಷೀಣವಾಯಿತು, ಆಮೇಲೆ ನಿಂತೇ ಹೋಯಿತು. ಅದೂ ಅಲ್ಲದೆ ಅಂಥ ಪ್ಲೇಯರುಗಳ ತೋಳಿನ ಭಾರ ಜಾಸ್ತಿ. ಹಾಡಿಸಿದಷ್ಟೂ ಪ್ಲೇಟು ಸವೆಯುತ್ತದೆ. ಸವೆದ ಚಡಿಯನ್ನು ಯಾರೂ ತುಂಬಿಕೊಡಲಾರರು. ಹೊಸದು ಏನು ಹಾಕುತ್ತೇವೆ ಎನ್ನುವುದರ ಮೇಲೆ ಆ ಅರುವತ್ತು ಪ್ಲೇಟುಗಳ ಆಯುಷ್ಯ ನಿಂತಿತ್ತು.

ಶಾರ್ಜಾದಲ್ಲಿರುವ ಅತ್ತೆಯ ಮಗ, ನನ್ನ ಭಾವ, ರಜೆಗೆ ಬರುವಾಗ ಮೂರು ವೇಗದ ಒಳ್ಳೆಯ ಟರ್ನ್‌ಟೇಬಲ್ಲನ್ನೂ ಪುಟ್ಟ ಡಬ್ಬಿಯಲ್ಲಿ ಡೆನಾನ್ ಡಿ.ಎಲ್.-103 ಎಂಬ ಕಾರ್ಟ್ರಿಜನ್ನೂ ತಂದ. 1960ರ ದಶಕದಲ್ಲಿ ಜಪಾನಿನ ಎನ್.ಎಚ್.ಕೆ. ಬಾನುಲಿಗಾಗಿ ರೂಪಿಸಿದ, ದಶಕಗಳ ಕಾಲ ಹೆಸರುಳಿಸಿಕೊಂಡ ಕಾರ್ಟ್ರಿಜ್ ಅದು. ಅದರಲ್ಲಿ ಅಲುಗುವುದು ಸುರುಳಿ. ನಾನು ತರಿಸಿಟ್ಟದ್ದು ಆಡಿಯೋ-ಟೆಕ್ನಿಕಾದ ವಿ.ಎಂ. 95, ಅದರಲ್ಲಿ ಅಲುಗುವುದು ಆಯಸ್ಕಾಂತ. "ಭಾವ, ಒಮ್ಮೆ ಇದನ್ನು ಕೇಳಿ, ಮತ್ತೆ ಮಾತಾಡಿ" ಎಂದ ಅವನು. ಸರಿ, ಒಂದು ಆದಿತ್ಯವಾರ ಇಡೀ ಅದಕ್ಕೇ ಹೋಯಿತು.

ವಿದ್ಯಾರ್ಥಿಗಳೇ, ಎರಡರ ಒಳಗೂ ನೀವು ಓದಿದ ಪಾಠವೇ ಇದೆ. ಮುಳ್ಳು ಎಂದರೆ ವಜ್ರದ ಚೂರು. ಅದನ್ನು ಕೂದಲಿನಂಥ ಸಣ್ಣ ದಂಡದ ತುದಿಗೆ ಅಂಟಿಸಿರುತ್ತಾರೆ. ದಂಡದ ಇನ್ನೊಂದು ತುದಿಯಲ್ಲಿ ಪುಟ್ಟ ಆಯಸ್ಕಾಂತವನ್ನಿಟ್ಟು, ಸುತ್ತಲಿನ ಪೆಟ್ಟಿಗೆಯಲ್ಲಿ ಸುರುಳಿಗಳನ್ನು ಸ್ಥಿರವಾಗಿ ಕೂರಿಸಿದರೆ ಅದು ಒಂದು ಬಗೆ. ಸುರುಳಿ ಅಲುಗಬೇಕಾದದ್ದಿಲ್ಲವಾದ್ದರಿಂದ ತಂತಿಯನ್ನು ಬೇಕಾದಷ್ಟು ಸುತ್ತು ಸುತ್ತಬಹುದು. ನನ್ನ ಕಾರ್ಟ್ರಿಜಿನಿಂದ ಬರುವುದು ಸುಮಾರು ಮೂರೂವರೆ ಮಿಲಿವೋಲ್ಟ್. ಇನ್ನೊಂದು ಬಗೆಯಲ್ಲಿ ದಂಡಕ್ಕೇ ಸುರುಳಿ ಅಂಟಿದೆ, ದೊಡ್ಡ ಆಯಸ್ಕಾಂತ ಪೆಟ್ಟಿಗೆಯಲ್ಲಿ ನಿಂತಿದೆ. ಸುರುಳಿ ಹಗುರವಾಗಿರಬೇಕು, ಹಾಗಾಗಿ ಸುತ್ತುಗಳು ಕಡಿಮೆ, ವಿದ್ಯುತ್ತೂ ಕಡಿಮೆ. ಭಾವನ ಕಾರ್ಟ್ರಿಜ್ ಕೊಡುವುದು 0.3 ಮಿಲಿವೋಲ್ಟ್. ಟಾರ್ಚಿನ ಒಂದು ಸೆಲ್ಲಿನ ಐದು ಸಾವಿರದ ಒಂದು ಪಾಲು!

ಅಷ್ಟು ಸಣ್ಣ ಸ್ವರವನ್ನು ಎತ್ತಲು ಒಂದು ಟ್ರಾನ್ಸ್‌ಫಾರ್ಮರೋ ಇನ್ನೊಂದು ಆಂಪ್ಲಿಫಯರೋ ಬೇಕು. ಎತ್ತುವಾಗ ಸ್ವರದೊಂದಿಗೆ ಮನೆಯ ವೈರಿಂಗಿನ 50 ಹರ್ಟ್ಸಿನ ಗುಂಯ್‌ಗುಟ್ಟುವಿಕೆಯೂ ಎದ್ದು ಬರುತ್ತದೆ. ತೋಟದ ಪಂಪು ಓಡುವಾಗ ಕೇಳಲೇ ಬಾರದು. ಕೊನೆಗೆ ಹಿತ್ತಿಲಲ್ಲಿ ಗುಂಡಿ ತೋಡಿ ಇದ್ದಲು, ಉಪ್ಪು ಸುರಿದು ಹೊಸ ಅರ್ತಿಂಗ್ ಹಾಕಿಸಿದೆವು. ಹೇಗೂ ಮನೆಗೆ ಬೇಕಾದದ್ದೇ.

ಗುಂಯ್ ಅಡಗಿದ ಮೇಲೆ ಕೇಳಿದ ಸ್ವರವನ್ನು ನಾನು ಹೊಗಳದೆ ಇರಲಾರೆ. ಕಂಠ ಎದುರಿಗೇ ಬಂದು ನಿಂತ ಹಾಗಿತ್ತು. ಇದಕ್ಕೂ ಕಾರಣ ಉಂಟು. ಹೆಚ್ಚು ಸುತ್ತಿನ ಸುರುಳಿಗೆ ಇಂಡಕ್ಟನ್ಸ್ ಹೆಚ್ಚು; ಅದು ಕೇಬಲ್ಲಿನ ಕೆಪಾಸಿಟನ್ಸಿನೊಂದಿಗೆ ಸೇರಿ ತಾರಸ್ವರಗಳಲ್ಲಿ ಒಂದು ಉಬ್ಬನ್ನೋ ಇಳಿತವನ್ನೋ ತರುತ್ತದೆ. ಕಡಿಮೆ ಸುತ್ತಿನ ಸುರುಳಿಗೆ ಈ ತೊಂದರೆ ಇಲ್ಲವೆನ್ನುವಷ್ಟು ಕಡಿಮೆ. ಭಾವ ಗೆದ್ದವನಂತೆ ನನ್ನ ಮುಖ ನೋಡಿದ.

ಆದರೆ ಅತ್ತೆ ಸುಮ್ಮನಿರಲಿಲ್ಲ. ಪ್ಲೇಟು ಮುಗಿಯುತ್ತ ಬಂದಾಗ, "ಕೊನೆಗೆ ಬರುವಾಗ ಹಲ್ಲಿನ ಎಡೆಯಲ್ಲಿ ಹಾಡಿದ ಹಾಗೆ ಕೇಳ್ತದಲ್ಲ" ಎಂದರು. ಸರಿಯಾಗಿಯೇ ಹಿಡಿದಿದ್ದರು. ಎಲ್.ಪಿ. ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಹೊರಗಿನ ಅಂಚಿನಲ್ಲಿ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಚಡಿ ಮುಳ್ಳಿನಡಿ ಸಾಗಿದರೆ ಒಳಗಿನ ಕೊನೆಯಲ್ಲಿ ಸಾಗುವುದು 21 ಸೆಂಟಿಮೀಟರ್ ಮಾತ್ರ. ಅದೇ ಸ್ವರವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಮಡಚಿಟ್ಟ ಹಾಗೆ. ಡಿ.ಎಲ್.-103ರ ಮುಳ್ಳು ಉರುಟು ತುದಿಯದು, ಸುಮಾರು 16 ಮೈಕ್ರಾನ್ ತ್ರಿಜ್ಯ. ಆ ಸಣ್ಣ ಮಡಿಕೆಗಳೊಳಗೆ ಅದು ಇಳಿಯುವುದಿಲ್ಲ. ನನ್ನ ಕಾರ್ಟ್ರಿಜಿಗೆ ಹಾಕಿದ್ದ ಮೈಕ್ರೋಲೀನಿಯರ್ ಎಂಬ ಮುಳ್ಳಿನ ಅಂಚು ಮೂರು ಮೈಕ್ರಾನಿನಷ್ಟು. ಅದನ್ನಿಟ್ಟಾಗ ಕೊನೆಯ ಶ್ಲೋಕಗಳೂ ಸ್ವಚ್ಛವಾದವು. ಅಷ್ಟೇ ಅಲ್ಲ, ಮಾವನ ಹಳೆಯ ಮುಳ್ಳು ಸವೆಸಿದ ಜಾಗವನ್ನು ಬಿಟ್ಟು ಚಡಿಯ ಗೋಡೆಯ ಬೇರೆ ಭಾಗವನ್ನು ಇದು ಮುಟ್ಟುತ್ತಿರಬೇಕು. ಸರಬರ ಸದ್ದೂ ಇಳಿಯಿತು. "ಈಗ ಹಿಂದಿನ ತಂಬೂರಿ ಕೇಳ್ತದೆ" ಎಂದರು ಅತ್ತೆ.

ಇಲ್ಲಿ ಗೆದ್ದದ್ದು ಆಯಸ್ಕಾಂತವಲ್ಲ ಎಂದು ಭಾವ ವಾದಿಸಿದ. ಅವನ ಮಾತು ನ್ಯಾಯವೇ. ಅಂಥದೇ ತೆಳು ಮುಳ್ಳಿನ, ಅಲುಗುವ ಸುರುಳಿಯ ಕಾರ್ಟ್ರಿಜುಗಳೂ ಇವೆ. ಅವನ್ನಿಟ್ಟು ಹೋಲಿಸಿದರೆ ತೀರ್ಪು ಬೇರೆಯಾದೀತು. ಜನ ಸುರುಳಿಯೋ ಆಯಸ್ಕಾಂತವೋ ಎಂದು ಜಗಳಾಡುವಾಗ ಚಡಿಯನ್ನು ಮುಟ್ಟುವ ಚೂರಿನ ಆಕಾರವನ್ನು ಮರೆತೇಬಿಡುತ್ತಾರೆ ಎಂಬುದು ನನ್ನ ಅಭಿಪ್ರಾಯ.

ಚರ್ಚೆ ಅಲ್ಲಿಗೇ ನಿಲ್ಲುತ್ತಿತ್ತೋ ಏನೋ. ಅಷ್ಟರಲ್ಲಿ ಅತ್ತೆ, ಮಾವ ಸಣ್ಣ ತಗಡಿನ ಡಬ್ಬಿಯಿಂದ ಉಕ್ಕಿನ ಮುಳ್ಳು ತೆಗೆದು ಅರಗಿನ ಪ್ಲೇಟಿಗೆ ಹಾಕುತ್ತಿದ್ದುದನ್ನು ನೆನೆದು ಕೇಳಿದರು: "ಎರಡೂ ಚೆಂದ ಉಂಟು. ಮುಳ್ಳು ಹೋದರೆ ಹಾಕುವುದು ಯಾರು?"

ಭಾವ ನನ್ನ ಮುಖ ನೋಡಿದ, ನಾನು ಅವನ ಮುಖ. ಸುರುಳಿ ಅಲುಗುವ ಕಾರ್ಟ್ರಿಜಿನಲ್ಲಿ ಮುಳ್ಳು, ದಂಡ, ಸುರುಳಿ ಎಲ್ಲ ಒಂದೇ ಜೋಡಣೆ. ಸವೆದರೆ ಇಡೀ ಕಾರ್ಟ್ರಿಜನ್ನು ಬದಲಾಯಿಸಬೇಕು, ಇಲ್ಲವೆ ಭೂತಗನ್ನಡಿ ಹಿಡಿದು ಕೂರುವ ನುರಿತವರಿಗೆ ಕಳುಹಿಸಬೇಕು. ಆಯಸ್ಕಾಂತ ಅಲುಗುವುದರಲ್ಲಿ ಮುಳ್ಳು, ದಂಡ, ಆಯಸ್ಕಾಂತ ಸೇರಿದ ತುಂಡನ್ನು ಬೆರಳಲ್ಲಿ ಎಳೆದು ತೆಗೆದು ಹೊಸದನ್ನು ತೂರಿಸಬಹುದು. ತಂತಿಯೆಲ್ಲ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಅರಗಿನ ಪ್ಲೇಟಿನ ಅಗಲ ಚಡಿಗೆ ಬೇಕಾದ ದಪ್ಪ ಮುಳ್ಳೂ ಇದೇ ಪೆಟ್ಟಿಗೆಗೆ ಸಿಗುತ್ತದೆ. ಅಲುಗುವುದು ಯಾವುದು ಎಂಬುದಕ್ಕೆ ಸೂತ್ರದಲ್ಲಿ ಬೆಲೆ ಇಲ್ಲದಿರಬಹುದು, ದೂರದ ಮನೆಯ ವೃದ್ಧೆಗೆ ಇದೆ. ಅಂದೇ ಸಂಜೆ ನಮ್ಮ ಶಾಲೆಯ ಎಂಟನೆಯ ತರಗತಿಯಲ್ಲಿರುವ ಅತ್ತೆಯ ಮೊಮ್ಮಗಳು ಎರಡು ಸಲ ಮುಳ್ಳು ತೆಗೆದು ಹಾಕಿ ಕಲಿತಳು. ಮೂರನೆಯ ಸಲ ನಾವು ಯಾರೂ ನೋಡುತ್ತಿರಲಿಲ್ಲ.

ವಜ್ರದ ಮುಳ್ಳಿಗೆ ಐನೂರು ಗಂಟೆಯ ಲೆಕ್ಕವಿಟ್ಟುಕೊಂಡರೆ ಕ್ಷೇಮ ಎಂದು ನಾನು ಹೇಳಿದ್ದೆ. ಒಂದು ಮುಖಕ್ಕೆ ಇಪ್ಪತ್ತು ನಿಮಿಷ ಹಿಡಿದರೆ ಸಾವಿರದ ಐನೂರು ಮುಖ. ಮೊಮ್ಮಗಳು ಹಳೆಯ ಪಂಚಾಂಗದ ಹಿಂಬದಿಯಲ್ಲಿ ದಿನಾ ಒಂದು ಗೀಟು ಎಳೆಯುತ್ತಾಳೆ. ಕರೆಂಟಿಲ್ಲದ ದಿನ ಇಲ್ಲ. ಮೊನ್ನೆ ಹೋದಾಗ ಇನ್ನೂರ ಅರುವತ್ತಮೂರು ಆಗಿತ್ತು. ಭಾವನ ಡಬ್ಬಿ ಕಪಾಟಿನ ಮೇಲಿನ ಹಲಗೆಯಲ್ಲಿದೆ. ಅವನು ರಜೆಗೆ ಬಂದಾಗ ಅದನ್ನೇ ಹಾಕುವುದೆಂದು ಮಾತಾಗಿದೆ. ಪಂಪು ಮಾತ್ರ ನಿಲ್ಲಿಸಬೇಕು.