ಸ್ಲ್ಯಾಬ್ ಹಾಕಿದ ಅಕ್ಷರಗಳು

ನಮ್ಮ ಚಿಂತಾಕಿ ಕಡೆ ಸ್ಲ್ಯಾಬ್ ಅಂದ್ರೆ ಮನೆ ಮೇಲೆ ಹಾಕೋದು. ಇಂಗ್ಲಿಷ್ ಅಕ್ಷರಗಳಿಗೂ ಸ್ಲ್ಯಾಬ್ ಹಾಕ್ತಾರೆ, ಅದೂ ತಲೆಗೂ ಕಾಲಿಗೂ :-)

ಅಕ್ಷರದ ಗೆರೆ ಮುಗಿಯುವಲ್ಲಿ ಇರೋ ಪುಟ್ಟ ಅಡ್ಡಗೆರೆಗೆ ಸೆರಿಫ್ ಅಂತ ಹೆಸರು. ಟೈಮ್ಸ್ ನ್ಯೂ ರೋಮನ್‌ನಲ್ಲಿ ಅದು ತೆಳ್ಳಗೆ, ಚೂಪಾಗಿ ಇರುತ್ತೆ. ಸ್ಲ್ಯಾಬ್ ಸೆರಿಫ್‌ನಲ್ಲಿ ಇಟ್ಟಿಗೆ ಇಟ್ಟ ಹಾಗೆ ದಪ್ಪ. 19ನೇ ಶತಮಾನದ ಆರಂಭದಲ್ಲಿ ಲಂಡನ್ನಿನಲ್ಲಿ ಗೋಡೆ ಜಾಹೀರಾತುಗಳಿಗೆ ಅಂತ ಇಂಥ ಅಚ್ಚುಮೊಳೆಗಳು ಬಂದವು. 1845ರಲ್ಲಿ ಕ್ಲಾರೆಂಡನ್, 1934ರಲ್ಲಿ ರಾಕ್‌ವೆಲ್. ಕೋಡ್ ಬರೆಯೋರಿಗೆಲ್ಲ ಗೊತ್ತಿರೋ ಕೊರಿಯರ್ ಕೂಡ ಇದೇ ಜಾತಿ. 1950ರ ದಶಕದಲ್ಲಿ ಐಬಿಎಂ ಟೈಪ್‌ರೈಟರಿಗಾಗಿ ಹೊವರ್ಡ್ ಕೆಟ್ಲರ್ ಮಾಡಿದ್ದು. ರಿಬ್ಬನ್ ಸವೆದರೂ, ಇಂಕು ಹರಡಿದರೂ ಆ ದಪ್ಪ ಪಾದ ಅಳಿಸಿ ಹೋಗಲ್ಲ. ಅಕ್ಷರ ಯಾವುದು ಅಂತ ತಿಳಿಯುತ್ತೆ.

ಹಾಗಾದ್ರೆ ಕನ್ನಡಕ್ಕೆ?

ನಮ್ಮ ಅಕ್ಷರಕ್ಕೆ ಪಾದವೇ ಇಲ್ಲ, ಕೆಳಗೆಲ್ಲ ದುಂಡು. ಇರೋದು ತಲೆಕಟ್ಟು. ನಮ್ಮ ಔರಾದ ತಾಲೂಕಿಗೆ ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಮೂರೂ ಲಿಪಿ ನೋಡ್ತಾ ಬೆಳೆದವರಿಗೆ ಇದು ಚೆನ್ನಾಗಿ ಗೊತ್ತು. ಮರಾಠಿಯದು ಪದದ ಉದ್ದಕ್ಕೂ ಎಳೆದ ಗೆರೆ, ತೆಲುಗಿನದು ರೈಟ್ ಮಾರ್ಕು, ಕನ್ನಡದ್ದು ಮಟ್ಟಸ ಗೆರೆ, ಕೊನೆಗೆ ಒಂದು ಕೊಕ್ಕೆ. ನನ್ನ ಲೆಕ್ಕದಲ್ಲಿ ಅದೇ ನಮ್ಮ ಸ್ಲ್ಯಾಬ್.

ಆದ್ರೆ ಎಲ್ಲವನ್ನೂ ದಪ್ಪ ಮಾಡಿದ್ರೆ ಕನ್ನಡ ಗಟ್ಟಿಯಾಗಲ್ಲ. ಶಾಲೆಯಲ್ಲಿ 'ಹೊಟ್ಟೆ ಸೀಳಿದ ಧ' ಅಂತಿದ್ವಲ್ಲ, ಆ ಸೀಳು ಮುಚ್ಚಿಹೋಗುತ್ತೆ. ಧನ ಹೋಗಿ ದನ ಆಗುತ್ತೆ. ನಮ್ಮ ಪಕ್ಕದ ಭಾಲ್ಕಿ ಬಾಲ್ಕಿ ಆಗುತ್ತೆ. ಕೆಳಗಿನ ಒತ್ತಕ್ಷರವಂತೂ ಬರೀ ಕಪ್ಪು ಚುಕ್ಕೆ.

ಕಳೆದ ಸಲ ಊರಿಗೆ ಹೋದಾಗ ಅಪ್ಪ ಒಂದು ಅಂಗಡಿಯ ಚೀಟಿಯನ್ನ ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು, ಕೊನೆಗೆ ನನ್ನ ಕೈಗೆ ಕೊಟ್ಟರು. "ತಮ್ಮಾ, ನನಗ ಕನ್ನಡ ಬರ್ತದ. ಈ ಚೀಟಿಗೇ ಬರಲ್ಲ ನೋಡು." ನಗು ಬಂತು. ಆಮೇಲೆ ಬೇಜಾರೂ ಆಯ್ತು. ಓದು ಬರೋ ಮನುಷ್ಯ ಇನ್ನೊಬ್ಬರ ಕೈಯಲ್ಲಿ ಓದಿಸಬೇಕು ಅಂದ್ರೆ ಹೇಗೆ?

ಲೆಕ್ಕ ಸುಲಭ. ಇಂಥ ಚೀಟಿ ಕೊಡೋ ಥರ್ಮಲ್ ಪ್ರಿಂಟರುಗಳಲ್ಲಿ ಸಾಮಾನ್ಯವಾಗಿ ಒಂದು ಮಿಲಿಮೀಟರಿಗೆ 8 ಚುಕ್ಕೆ. 3 ಮಿಲಿಮೀಟರ್ ಎತ್ತರ ಅಂದ್ರೆ 24 ಚುಕ್ಕೆ. ಅಷ್ಟರಲ್ಲೇ ತಲೆಕಟ್ಟು, ಹೊಟ್ಟೆ, ಸೀಳು, ಒತ್ತು ಎಲ್ಲ ಹಿಡಿಸಬೇಕು. ಸೀಳಿಗೆ ಸಿಗೋದು ಒಂದೋ ಎರಡೋ ಚುಕ್ಕೆ. ಇಂಗ್ಲಿಷಿಗೆ ಒತ್ತೂ ಇಲ್ಲ, ಸೀಳೂ ಇಲ್ಲ, ಅದೇ 24ರಲ್ಲಿ ಆರಾಮಾಗಿ ಕಾಲು ಚಾಚಿ ಕೂರುತ್ತೆ.

ಅದಕ್ಕೇ ನನಗನ್ನಿಸೋದು, ಸ್ಲ್ಯಾಬ್ ಸೆರಿಫ್‌ನಿಂದ ನಾವು ಕಲಿಯಬೇಕಾದ್ದು ಪಾದ ಅಂಟಿಸೋದನ್ನಲ್ಲ, ಕೆಟ್ಟ ಪ್ರಿಂಟಿನಲ್ಲೂ ಯಾವುದು ಉಳೀಬೇಕು ಅಂತ ಮೊದಲೇ ಯೋಚಿಸೋದನ್ನ. ಕನ್ನಡದಲ್ಲಿ ತಲೆಕಟ್ಟು ದಪ್ಪ ಇರಲಿ, ಸೀಳು ಅಗಲ ಇರಲಿ, ಒತ್ತು ದೊಡ್ಡದಿರಲಿ. ಸಾಲಿನ ಅಂತರ ಸ್ವಲ್ಪ ಜಾಸ್ತಿಯಾದ್ರೆ ಆಗಲಿ ಬಿಡಿ.

ನಿಮ್ಮ ಸಾಫ್ಟ್‌ವೇರಿಗೆ ಕನ್ನಡ ಫಾಂಟ್ ಆರಿಸುವಾಗ 'ಧನ, ದನ, ಭಾಲ್ಕಿ' ಅಂತ ಟೈಪಿಸಿ, ಸಣ್ಣ ಸೈಜಿನಲ್ಲಿ ಪ್ರಿಂಟ್ ತೆಗೆದು ಮನೆಯ ಹಿರಿಯರ ಕೈಗೆ ಕೊಡಿ. ಅವರು ಓದಿದ್ರೆ ಪಾಸು. ಯಾವ ಫಾಂಟ್ ಪಾಸಾಯ್ತು ಅಂತ ನನಗೂ ತಿಳಿಸಿ.